ಬಾಯಿ ಅಳತೆ

ನನ್ನ ಗಾಲಿಕುರ್ಚಿ ಇಪ್ಪತ್ತೈದು ಇಂಚು.
ಗಾಲಿಯ ಬಳೆ ತಿರುಗಿಸುವ ಗೆಣ್ಣುಗಳಿಗೆ ಇನ್ನೆರಡು,
ಬ್ಲೌಸಿನ ಹೊಲಿಗೆಯೊಳಗೆ ಬಟ್ಟೆ ಬಿಡುತ್ತೇವಲ್ಲ,
ಹಾಗೆ.
ಫೋನಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ಮಾತು:
"ಬನ್ನಿ ಮೇಡಂ, ಆರಾಮಾಗಿ ಹಿಡಿಯುತ್ತೆ."
ನನ್ನ ಅಂಗಡಿಯಲ್ಲೂ ನಲವತ್ತರವರು
ಮೂವತ್ತಾರು ಸಾಕು ಅನ್ನುತ್ತಾರೆ.
ಬಾಯಿ ಅಳತೆ ನಂಬಿ ನಾನು ಕತ್ತರಿ ಇಟ್ಟವಳಲ್ಲ.

ಚೀಟಿ ಎತ್ತಿದ ದುಡ್ಡು ಆರು ಸಾವಿರ,
ಬಿ.ಬಿ. ರಸ್ತೆಯ ನಾವು ಐದು ಜನ ಹೆಂಗಸರು,
ಒಂದು ರಾತ್ರಿ, ನಂದಿಯ ಬುಡದಲ್ಲೆಲ್ಲಾದರೂ.
ಪಿಳ್ಳಮ್ಮನಿಗೆ ಈಜುಕೊಳ ನೋಡಬೇಕು, ಇಳಿಯಬೇಕಿಲ್ಲ.
ತಬಸ್ಸುಮ್‌ಗೆ ಬೇರೆ ಯಾರೋ ಮಾಡಿದ ಅಡುಗೆ ಸಾಕು.
ನಿನಗೇನು ಬೇಕೆಂದು ಕೇಳಿದರು.
ಟೇಪು ಕೊರಳಿಗೆ ಹಾಕಿಕೊಂಡು
ಬೈಯಣ್ಣನ ಆಟೋ ಹತ್ತಿದೆ.

ಮೊದಲನೆಯದು ದ್ರಾಕ್ಷಿ ಚಪ್ಪರಗಳ ನಡುವೆ.
ಹುಲ್ಲು ಚಂದ, ಹುಲ್ಲಿನಲ್ಲಿ ಒಂದೊಂದೇ ಕಲ್ಲು ನೆಟ್ಟ ದಾರಿ,
ನಡೆಯುವವರ ಹೆಜ್ಜೆಯ ಲೆಕ್ಕಕ್ಕೆ.
ಕಲ್ಲಿಗೂ ಕಲ್ಲಿಗೂ ನಡುವೆ ಮುಂಗಾಲಿ ಹೂತು
ಹಟದ ಎತ್ತಿನ ಹಾಗೆ ನಿಂತುಬಿಟ್ಟಿತು.
"ಎರಡೇ ಮೆಟ್ಟಿಲು ಮೇಡಂ, ನಮ್ ಹುಡುಗ್ರು ಎತ್ಕೋತಾರೆ."
ಮ್ಯಾನೇಜರು, ಪಾಪ, ಒಳ್ಳೆಯವನೇ.
ಆ 'ಎರಡೇ'ಯ ಕೊನೆಯಲ್ಲೊಂದು 'ಏ' ಇದೆಯಲ್ಲ,
ಅದನ್ನೇ ನಾನು ಹುಟ್ಟಿದಾಗಿನಿಂದ ಹತ್ತುತ್ತಿದ್ದೇನೆ.
ಎತ್ತುವ ಕೈ ಎಲ್ಲೆಲ್ಲಿ ತಾಗುತ್ತದೆಂದು
ಎತ್ತಿಸಿಕೊಂಡವರನ್ನು ಕೇಳಿ.

ಎರಡನೆಯದರಲ್ಲಿ ರ‍್ಯಾಂಪು ಇತ್ತು. ಬೋರ್ಡೂ ಇತ್ತು,
ನೀಲಿಯ ಮೇಲೆ ಬಿಳಿ ಕುರ್ಚಿ,
ಕುರ್ಚಿಯಲ್ಲಿ ಮುಖವಿಲ್ಲದ ನಾನು.
ಎತ್ತರ ಇಪ್ಪತ್ತು, ಉದ್ದ ನಲವತ್ತೆಂಟು.
"ಅಕ್ಕಾ, ಇದು ಮೇಕೆಗೆ ಹಾಕ್ಸಿರೋದು," ಅಂದ ಬೈಯಣ್ಣ,
ಬೆವರು ಸುರಿಸಿ ಹಿಂದಿನಿಂದ ನೂಕಿದ.
ಕೋಣೆಯೇನೋ ಅರಮನೆ.
ಕುರ್ಚಿಯಿಂದ ಮಂಚಕ್ಕೆ ಹತ್ತು ಇಂಚು ಏರು,
ಹಾಸಿಗೆಯ ಮೇಲೆ ಕೈಯೂರಿದರೆ ಮೊಣಕೈವರೆಗೆ ಇಳಿಯಿತು.
ಮೆತ್ತಗಿದ್ದದ್ದೆಲ್ಲ ಸುಖವಲ್ಲ,
ಊರಿಕೊಳ್ಳುವವರಿಗೆ ಗಟ್ಟಿ ಬೇಕು.
ಬಚ್ಚಲ ಬಾಗಿಲು ಇಪ್ಪತ್ತೆರಡು.
ಎರಡು ಸಲ ಅಳೆದೆ. ಎರಡನೆಯ ಸಲ
ಗಿರಾಕಿಯ ಮನಸ್ಸು ನೋಯದಿರಲೆಂದು ಹಿಡಿಯುತ್ತೇನಲ್ಲ,
ಹಾಗೆ ಟೇಪು ಕೊಂಚ ಸಡಿಲ ಬಿಟ್ಟು.
ಇಪ್ಪತ್ತೆರಡೇ.

ಮೂರನೆಯದನ್ನು ಯಾರೂ ಹೇಳಿರಲಿಲ್ಲ. ಆಟೋ ಪಂಚರ್ ಆಯಿತು.
ಪಂಚರ್ ಅಂಗಡಿಯೆದುರು ಉದ್ದನೆ ಕಟ್ಟಡ,
ಗೋಡೆಗೆ ಸುಣ್ಣದಲ್ಲಿ 'ರೂಂ ಇದೆ'.
ಶೀಟಿನ ಮಾಡು, ಜಾಲರಿ ಕಿಟಕಿ,
ಕಿಟಕಿಯಾಚೆ ಕಟಾವಾದ ಹಿಪ್ಪುನೇರಳೆ ಮೋಟು.
ಬಾಗಿಲಿಗೆ ಟೇಪು ಹಿಡಿದೆ.
ಬಿಗಿಯಾಗಿ ಎಳೆದು ಮತ್ತೆ ಹಿಡಿದೆ.
ಐವತ್ತು.
ಹೊಸ್ತಿಲೇ ಇಲ್ಲ.
"ಮೊದ್ಲು ರೇಷ್ಮೆ ಮನೆ ಕಣಮ್ಮ," ಅಂದಳು ಗಂಗುಲಮ್ಮ,
"ಚಂದ್ರಿಕೆ ಒಳಕ್ಕೂ ಹೊರಕ್ಕೂ ಓಡಾಡ್ಬೇಕಲ್ಲ,
ತೊಳೆದ ನೀರು ಹರಿದೋಗ್ಬೇಕಲ್ಲ."
ಹುಳಕ್ಕೆಂದು ಕಟ್ಟಿದ್ದು.
ಅದಕ್ಕೆ ಗಾಳಿ ಎಷ್ಟು, ಶಾಖ ಎಷ್ಟು ಬೇಕೆಂದು
ಯಾರೋ ಕೂತು ಯೋಚಿಸಿ ಕಟ್ಟಿದ್ದು.

ಹಾಸಿಗೆ ತೆಳು. ಬಿಸಿನೀರು ಬಕೆಟ್ಟಿಗೆ ಇಪ್ಪತ್ತು ರೂಪಾಯಿ.
ಕನ್ನಡಿಯಲ್ಲಿ ನನ್ನ ಬೈತಲೆ ಮಾತ್ರ ಕಂಡಿತು.
ಸೊಳ್ಳೆಗೆ ಲೆಕ್ಕವಿಲ್ಲ.
ಪಿಳ್ಳಮ್ಮನಿಗೆ ಪಕ್ಕದ ತೋಟದ ಕೃಷಿಹೊಂಡ ತೋರಿಸಿದೆವು;
ಇಡೀ ಸಂಜೆ ನನ್ನ ಕಡೆ ತಿರುಗಲಿಲ್ಲ.
ತಬಸ್ಸುಮ್ ಮಾತ್ರ ಗಂಗುಲಮ್ಮನ ಹುರುಳಿ ಬಸ್ಸಾರಿಗೆ
ಮೂರನೆಯ ಮುದ್ದೆ ಮುರಿದಳು.
ನಾನು ಮಲಗುವ ಮೊದಲು ಒಂದು ತಂಬಿಗೆ ನೀರು ಕುಡಿದೆ,
ಬೇಕೆಂದೇ.
ಎಲ್ಲಿಗೆ ಹೋದರೂ ಮಧ್ಯಾಹ್ನಕ್ಕೇ ನೀರು ನಿಲ್ಲಿಸುವವಳು.

ಎರಡೂಮುಕ್ಕಾಲು. ನಾಲ್ಕೂ ಜನ ಗೊರಕೆ.
ಕುರ್ಚಿಗೆ ಜಾರಿದೆ. ಬಚ್ಚಲಿಗೆ ಹೋದೆ. ಬಂದೆ.
ಇಷ್ಟೇ.
ಬರುವಾಗ ಬಾಗಿಲ ನಡುವೆ ನಿಂತು
ಎರಡೂ ಕೈ ಚಾಚಿ ನೋಡಿದೆ, ಸುಮ್ಮನೆ.

"ರಾತ್ರಿ ಎದ್ದಿದ್ದೆಯೇನೇ?" ಬೆಳಿಗ್ಗೆ ಕೇಳಿದಳು ತಬಸ್ಸುಮ್,
"ನನ್ನ ಕೂಗಲೇ ಇಲ್ಲ?"
"ಎಲ್ಲಿ, ಒಳ್ಳೆ ನಿದ್ದೆ," ಅಂದೆ.
ನನ್ನದೂ ಒಂದು ಗುಟ್ಟಿರಲಿ ಅಂತ.